ಜೋಳದ ಹಕ್ಕಿಗಳು

2024ರ ಸಪ್ಟಂಬರದ ಒಂದು ಮುಂಜಾನೆ ನಾವು ಶಿರಗುಪ್ಪಿಯಿಂದ ಬಂದಿದ್ದ ನಮ್ಮ ತಾಯಿಯವರನ್ನು ಕರೆದುಕೊಂಡು ಹುಬ್ಬಳ್ಳಿಯ ಉಣಕಲ್ಲ ಕೆರೆಯ ಉದ್ಯಾನಕ್ಕೆ ಹೋಗಿದ್ದೆವು. ಮಳೆಗಾಲವು ಹಿಂದೆಗೆಯುವ ಆ ದಿನಗಳಲ್ಲಿ ಉತ್ತರದ ಚಳಿನಾಡುಗಳಿಂದ ವಲಸೆಯ ಹಕ್ಕಿಗಳು ನಮ್ಮ ಸೀಮೆಗೆ ಇಳಿಯತೊಡಗುವವು. ನೀರಂಚಿನ ಕಲ್ಲಿನ ಮೇಲೆ ಬೂದು ಸಿಪಿಲೆಯೊಂದು ಆಗಲೇ ಬಾಲವನ್ನಾಡಿಸುತ್ತಿತ್ತು.

ಅಷ್ಟರಲ್ಲಿ ದೊಡ್ಡದೊಂದು ಗುಂಪು ಗದ್ದಲಮಾಡುತ್ತ ಬಂದು ಮರದಲ್ಲಿ ಕುಳಿತಿತು. ಕಪ್ಪು ತಲೆ, ಗುಲಾಬಿ ಬಣ್ಣದ ಮೈ; ನಡುನಡುವೆ ಮಣ್ಣಿನ ಬಣ್ಣದ ಎಳೆಯ ಹಕ್ಕಿಗಳು. ಪುಸ್ತಕಗಳಲ್ಲಿ ಇದಕ್ಕೆ ಗುಲಾಬಿ ಕಬ್ಬಕ್ಕಿಯೆಂದು ಹೆಸರು. ಮಧ್ಯ ಏಶಿಯಾದ ಬಯಲುಗಳಲ್ಲಿ ಮಿಡತೆಗಳು ಹೇರಳವಾಗಿರುವೆಡೆ ಮರಿಮಾಡಿ, ಆಗಸ್ಟ-ಸಪ್ಟಂಬರದಲ್ಲಿ ಇತ್ತ ಬಂದು, ಏಪ್ರಿಲದ ಹೊತ್ತಿಗೆ ಮರಳುವದು ಇದರ ಪದ್ಧತಿ. ನಮ್ಮ ಮನೆಯಲ್ಲಿ ಮಾತ್ರ ಇದು ಜೋಳದ ಹಕ್ಕಿ.

ಶಿರಗುಪ್ಪಿಯ ಎರೆಹೊಲದಲ್ಲಿ ಹಿಂಗಾರಿ ಜೋಳದ ತೆನೆಗೆ ಹಾಲು ತುಂಬುವಾಗ ಈ ಹಕ್ಕಿಗಳು ಮೋಡದಂತೆ ಎರಗುತ್ತಿದ್ದವು. ಎಳ್ಳಮವಾಸ್ಯೆಗೆ ಚರಗ ಚೆಲ್ಲಿದ ಮರುದಿನದಿಂದ ನಮಗೆ ಶಾಲೆಯಿಲ್ಲ; ಕೈಯಲ್ಲಿ ಕವಣೆ ಹಿಡಿದು ಅಟ್ಟಣಿಗೆಯ ಮೇಲೆ ದಿನವೆಲ್ಲ ಕೂಗಬೇಕು. ಅಣ್ಣನು ಒಂದು ದಿನವೂ ಶಾಲೆ ತಪ್ಪಿಸಿದವನಲ್ಲ. ತೆನೆ ಕೊಯ್ದ ಬಳಿಕ ನಾವು ಮರಳಿದರೆ ಗಣಿತದ ಪಾಠಗಳು ಬಹುದೂರ ಸಾಗಿರುತ್ತಿದ್ದವು. ಒಂದು ವರ್ಷ ನಪಾಸಾದೆವು. ಈ ಹೈಸ್ಕೂಲಿಗೆ ನಾವು ತಡವಾಗಿ ಬಂದದ್ದು ಅದರಿಂದಲೇ; ಅಂದಿನ ಗೆಳತಿಯರು ಇದನ್ನು ಬಲ್ಲರು. ಆ ಸಿಟ್ಟನ್ನೆಲ್ಲ ನಾವು ಹಕ್ಕಿಗಳ ಮೇಲೆಯೇ ಇಟ್ಟುಕೊಂಡಿದ್ದೆವು.

ದುರ್ಬೀನನ್ನು ತಾಯಿಯವರ ಕೈಗೆ ಕೊಟ್ಟೆವು. ಅವರು ಬಹಳ ಹೊತ್ತು ನೋಡಿ, “ಎಷ್ಟ ಚಂದ ಅದಾವ ಮಗಳ! ಇವನ್ನ ಓಡಸಾಕ ನಿನ್ನ ಸಾಲಿ ತಪ್ಪಿಸಿ ಹೊಲದಾಗ ಕುಂದ್ರಿಸಿದ್ನೆಲ್ಲ” ಎಂದರು.

ಇಷ್ಟು ವರ್ಷ ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂಬುದು ನಮಗೆ ತಿಳಿದಿರಲಿಲ್ಲ. “ಹೊಲಾನೂ ಕಾಯಬೇಕಿತ್ತಲ್ಲವ್ವಾ” ಎಂದೆವು. ಅದು ಸುಳ್ಳೂ ಅಲ್ಲ. ನಮ್ಮ ಶಾಲೆಯ ಫೀ ಹುಟ್ಟಿದ್ದು ಆ ತೆನೆಗಳಿಂದಲೇ. ಆದರೂ ಮನಸ್ಸಿನ ಭಾರವೊಂದು ಇಳಿದಂತಾಯಿತು. ಬಿಸಿಲೇರುವವರೆಗೆ ಇಬ್ಬರೂ ಸರದಿಯಿಂದ ದುರ್ಬೀನು ಹಿಡಿದು ನೋಡಿದೆವು.

ಪಾಲಕರಲ್ಲಿ ನಮ್ಮದೊಂದು ಬಿನ್ನಹ. ಏಪ್ರಿಲಕ್ಕೆ ಹೋದ ಹಕ್ಕಿ ಸಪ್ಟಂಬರಕ್ಕೆ ತಿರುಗಿ ಬರುವದು. ತಪ್ಪಿದ ಪಾಠ ಹಾಗೆ ಬರುವದಿಲ್ಲ. ಹೊಲ ಕಾಯುವ ಕೆಲಸ ಮನೆಗೆ ಬಂದರೆ ಅದನ್ನು ಮಗನಿಗೂ ಮಗಳಿಗೂ ಸಮನಾಗಿ ಹಂಚಿರಿ.