ಮಳೆಯ ಲೆಕ್ಕ ಉಳಿಯಿತು

ಮಕ್ಕಳೇ, ಕಾರ್ಕಳದ ಬಳಿಯ ಒಂದು ಶಾಲೆಯ ಲಿನಕ್ಸ್ ಕಂಪ್ಯೂಟರ್ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡದೆ, ಮತ್ತೆ ಪಾಸ್‌ವರ್ಡನ್ನೇ ಕೇಳುತ್ತಿತ್ತು. "ಎಲ್ಲ ಅಳಿಸಿ ಹೊಸದಾಗಿ ಹಾಕೋಣ" ಎಂದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ನಾವು ದಿನಾ ಅಳೆದ ಮಳೆಯ ಲೆಕ್ಕ ಅದರಲ್ಲೇ ಇದೆ" ಎಂದಳು. ನನಗೆ ನಾಚಿಕೆಯಾಯಿತು. ಕಾಯಿಲೆ ತಿಳಿಯದೆ ಮದ್ದು ಹೇಳಿದ್ದೆ!

ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ಬರೀ ಅಕ್ಷರಗಳ ಪರದೆ ಬಂತು. ಅಲ್ಲಿ ಅದೇ ಪಾಸ್‌ವರ್ಡ್ ನಡೆಯಿತು. 'ಡಿಎಫ್' ಎಂಬ ಆದೇಶ ಕೊಟ್ಟಾಗ, ಡಿಸ್ಕ್ 100% ತುಂಬಿತ್ತು. ನಾವು ಒಳಹೋಗುವಾಗ ಲಿನಕ್ಸ್ ಕೆಲವು ಸಣ್ಣ ಕಡತಗಳನ್ನು ಬರೆದುಕೊಳ್ಳುತ್ತದೆ, ಅದಕ್ಕೇ ಜಾಗವಿರಲಿಲ್ಲ. ಬೇಡವಾದ ವಿಡಿಯೋಗಳನ್ನು ಅಳಿಸಿದೆವು. ಬಾಗಿಲು ತೆರೆಯಿತು, ಮಳೆಯ ಲೆಕ್ಕವೂ ಸಿಕ್ಕಿತು.

ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಮುನಿಸಿಕೊಂಡರೆ ಮೊದಲು ಕೇಳಿ: ನಿನ್ನೆಯಿಂದ ಇಂದಿಗೆ ಏನು ಬದಲಾಯಿತು?