ಎಂಟು ಕುರ್ಚಿ, ಒಂದು ನದಿ

ಗುರುವಾರ. ವಲೆನ್ಸಿಯಾ ಕೆಥೆಡ್ರಲ್‌ನ ಗಂಟೆ ಹನ್ನೆರಡು ಹೊಡೆಯುವಷ್ಟರಲ್ಲಿ ಅಪೊಸ್ತಲರ ಬಾಗಿಲಿನ ಮುಂದೆ ನಿಲ್ಲಲು ಜಾಗವಿರಲಿಲ್ಲ. ಬಾಗಿಲಿನ ಕಲ್ಲುಕಮಾನಿನ ಕೆಳಗೆ ದುಂಡಗೊಂದು ಕಟಕಟೆ, ಅದರೊಳಗೆ ಚರ್ಮ ಹೊದೆಸಿದ ಹಳೆಯ ಮರದ ಕುರ್ಚಿಗಳು. ಕಪ್ಪು ನಿಲುವಂಗಿ ತೊಟ್ಟ ಎಂಟು ಜನ ಸಾಲಾಗಿ ಬಂದು ಕೂತರು. ನ್ಯಾಯಾಧೀಶರೆಂದು ಯಾರೂ ಹೇಳಿರದಿದ್ದರೆ, ಬಿಸಿಲಿಗೆ ಕಪ್ಪಾದ ಆ ಕೈಗಳನ್ನು ನೋಡಿ ನಾನು ಅವರನ್ನು ನಮ್ಮೂರ ಕಡೆಯ ಬೇಸಾಯಗಾರರೆಂದೇ ತಿಳಿಯುತ್ತಿದ್ದೆ. ಅವರು ಬೇಸಾಯಗಾರರೇ. ಈ ಕುರ್ಚಿಯಲ್ಲಿ ಕೂರಲು ಕಾನೂನು ಓದಿರಬೇಕಾಗಿಲ್ಲ. ತನ್ನ ಭೂಮಿಯನ್ನು ತಾನೇ ಉಳುವವನಾಗಿರಬೇಕು, ನಾಲೆಯ ನೀರು ಉಣ್ಣುವ ಉಳಿದ ರೈತರು ಅವನನ್ನು ಆರಿಸಿರಬೇಕು.

ಹಿತ್ತಾಳೆಯ ಕೊಕ್ಕೆಯ ಕೋಲು ಹಿಡಿದ ಅಮೀನನೊಬ್ಬ ಎದ್ದು ನಿಂತು, ವಲೆನ್ಸಿಯನ್ ಭಾಷೆಯಲ್ಲಿ ಒಂದೊಂದೇ ನಾಲೆಯ ಹೆಸರು ಕೂಗಿದ. ಕ್ವಾರ್ತ್ ನಾಲೆಯ ಮೇಲೆ ದೂರಿದೆಯೇ? ಮಿಸ್ಲಾತಾ? ಫಾವಾರಾ? ರಸ್ಕಾನ್ಯಾ? ಪ್ರತಿ ಹೆಸರಿನ ನಂತರ ಒಂದು ಕ್ಷಣ ಮೌನ. ಯಾರೂ ಮುಂದೆ ಬರಲಿಲ್ಲ. ಎಂಟು ಜನ ಎದ್ದು ಒಳಗೆ ಹೋದರು. ಎಲ್ಲ ಸೇರಿ ಐದು ನಿಮಿಷವೂ ಆಗಿರಲಿಕ್ಕಿಲ್ಲ. ಪಕ್ಕದಲ್ಲಿದ್ದ ಪ್ರವಾಸಿಗರು ನಿರಾಸೆಯಿಂದ ಕ್ಯಾಮೆರಾ ಮುಚ್ಚಿದರು. ನನಗೆ ಮಾತ್ರ ಕಣ್ಣು ತುಂಬಿ ಬಂತು.

ಯಾಕೆಂದು ಹೇಳಬೇಕಾದರೆ ನನ್ನ ಊರಿನ ಮಾತು ಬರಲೇಬೇಕು. ನಮ್ಮದು ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನ ಗದ್ದೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟ ವರ್ಷ, ನಮ್ಮ ಸರದಿ ರಾತ್ರಿ ಎರಡು ಗಂಟೆಗೆ ಬಂದರೂ ಅಪ್ಪ ಲಾಟೀನು ಹಿಡಿದು ತೂಬಿನ ಹತ್ತಿರ ಕೂತಿರುತ್ತಿದ್ದರು. ಮೇಲಿನವರು ಅಡ್ಡಗಟ್ಟಿದರೆ ನಮ್ಮ ಭತ್ತ ಒಣಗುತ್ತಿತ್ತು. ಅಣೆಕಟ್ಟೆಯಲ್ಲಿ ನೀರು ಎಷ್ಟಿದೆ, ಯಾರಿಗೆ ಎಷ್ಟು ಎಂಬುದು ಮಾತ್ರ ಎಂದೂ ನಮ್ಮೂರಲ್ಲಿ ತೀರ್ಮಾನವಾಗಲಿಲ್ಲ. ಅದು ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಆಗುತ್ತಿತ್ತು. ಸುದ್ದಿ ರೇಡಿಯೋದಲ್ಲಿ ಬರುತ್ತಿತ್ತು.

ವಲೆನ್ಸಿಯಾದ ತೂರಿಯಾ ನದಿಯಿಂದ ಹೊರಡುವ ನಾಲೆಗಳ ಜಾಲ ಅರಬರ ಕಾಲದ್ದು. ನಾಲೆಗೆ ಅವರು ಹೇಳುವ 'ಸೆಕಿಯಾ' ಎಂಬ ಮಾತೂ ಅರಬ್ಬಿಯಿಂದಲೇ ಬಂದದ್ದು. 1238ರಲ್ಲಿ ಒಂದನೇ ಹೈಮೆ ದೊರೆ ಊರನ್ನು ಗೆದ್ದಾಗ ರಾಜ್ಯ ಬದಲಾಯಿತು, ಧರ್ಮ ಬದಲಾಯಿತು. ನೀರಿನ ಕಟ್ಟಳೆಯನ್ನು ಮಾತ್ರ ಅವನು ಹಾಗೆಯೇ ಉಳಿಸಿದ. ಆ ಕಟ್ಟಳೆಯ ತಿರುಳು ಪ್ರಮಾಣ. ಇಂತಿಷ್ಟು ನೀರು ಎಂಬ ಅಳತೆ ಯಾರಿಗೂ ಇಲ್ಲ. ನದಿಯಲ್ಲಿ ಬಂದದ್ದರಲ್ಲಿ ಇಂತಿಷ್ಟು ಪಾಲು ಎಂದಿದೆ. ನದಿ ಸೊರಗಿದರೆ ಎಲ್ಲರ ಪಾಲೂ ಸೊರಗುತ್ತದೆ. ತಕರಾರು ಬಂದರೆ ಗುರುವಾರ ಬಾಯಿಮಾತಿನಲ್ಲೇ ವಿಚಾರಣೆ, ಅಲ್ಲೇ ತೀರ್ಪು, ಮೇಲ್ಮನವಿ ಇಲ್ಲ. ಯಾರು ಮಾತಾಡಬೇಕೆಂದು ಅಧ್ಯಕ್ಷರು ಕಾಲಿನಿಂದ ಸನ್ನೆ ಮಾಡುವುದು ರೂಢಿ. ನನ್ನನ್ನು ಹಿಡಿದು ನಿಲ್ಲಿಸಿದ ನಿಯಮ ಇನ್ನೊಂದು: ಆರೋಪಿ ನದಿಯ ಎಡದಂಡೆಯವನಾದರೆ ತೀರ್ಪು ಸೂಚಿಸುವವರು ಬಲದಂಡೆಯವರು, ಬಲದಂಡೆಯವನಾದರೆ ಎಡದಂಡೆಯವರು. ಎಲಿನಾರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ಈ ನಾಲೆಗಳ ಬಗ್ಗೆ ಬರೆದರು. ಜನ ತಾವೇ ಕೂಡಿ ಹಂಚಿಕೊಳ್ಳಬಲ್ಲರು ಎಂದು ತೋರಿಸಿದ ಆ ಕೆಲಸಕ್ಕೆ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಕಾವೇರಿಗೂ ಇಂಥ ಮಾತು ಕಾಗದದ ಮೇಲಿದೆ. 2007ರ ನ್ಯಾಯಮಂಡಳಿಯ ಐತೀರ್ಪು, ಮಳೆ ಕೈಕೊಟ್ಟ ವರ್ಷ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು ಎನ್ನುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಟಿಎಂಸಿ ಎಂದಿತು. ಆದರೂ 2023ರಲ್ಲಿ ಮಳೆ ಕೈಕೊಟ್ಟಾಗ ಮಂಡ್ಯದ ಹೆದ್ದಾರಿಯಲ್ಲಿ ಟೈರು ಸುಟ್ಟೆವು. ಕೊರತೆಯ ವರ್ಷದಲ್ಲಿ ಎಷ್ಟು ಇಳಿಸಬೇಕೆಂದು ಮುಖ ನೋಡಿಕೊಂಡು ಹೇಳುವ ರೈತರ ಕಟಕಟೆ ನಮಗಿಲ್ಲ. 2003ರಲ್ಲಿ ಎರಡೂ ರಾಜ್ಯಗಳ ರೈತರು 'ಕಾವೇರಿ ಕುಟುಂಬ' ಕಟ್ಟಿಕೊಂಡು ಪರಸ್ಪರರ ಗದ್ದೆ ನೋಡಿ ಬಂದಿದ್ದರು. ತಂಜಾವೂರಿನ ಒಣ ಗದ್ದೆ ಕಂಡ ಮಂಡ್ಯದವರೂ, ಮಂಡ್ಯದ ಬರಿದಾದ ನಾಲೆ ಕಂಡ ತಂಜಾವೂರಿನವರೂ ಆಗ ಇದ್ದರು. ಆ ಮಾತುಕತೆಯ ಕೈಗೆ ಅಧಿಕಾರ ಬರಲಿಲ್ಲ ಎಂಬುದು ನನ್ನ ಮನಸ್ಸಿನ ದೊಡ್ಡ ಸಂಕಟ.

ವಲೆನ್ಸಿಯಾವನ್ನು ಮೆಚ್ಚಿ ಸುಮ್ಮನಾಗುವಂತೆಯೂ ಇರಲಿಲ್ಲ. ಮಧ್ಯಾಹ್ನ ತೂರಿಯಾ ನೋಡಲು ಹೋದರೆ ಅಲ್ಲಿ ನದಿಯಿಲ್ಲ, ಉದ್ದಕ್ಕೂ ತೋಟ. 1957ರ ಪ್ರವಾಹದ ನಂತರ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿದ್ದಾರೆ. ಆ ಹೊಸ ಪಾತ್ರ 2024ರ ಅಕ್ಟೋಬರ್ 29ರಂದು ನಗರವನ್ನು ಕಾಯಿತು. ಅದರಾಚೆಯ ಪೈಪೋರ್ತಾದಂಥ ಊರುಗಳಲ್ಲಿ ಹಳ್ಳ ಉಕ್ಕಿ ಬೀದಿಬೀದಿಗೆ ನುಗ್ಗಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮೊಬೈಲಿಗೆ ಎಚ್ಚರಿಕೆ ಬಂದದ್ದು ರಾತ್ರಿ 8.11ಕ್ಕೆ, ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ನೀರು ಎದೆಯೆತ್ತರಕ್ಕೆ ಏರಿತ್ತು. ನಾಲ್ಕು ತಿಂಗಳ ಮೇಲೆ ನಾನು ಹೋದಾಗಲೂ ಗೋಡೆಗಳ ಮೇಲೆ ಕೆಸರಿನ ಗೆರೆ ನನ್ನ ತಲೆಗಿಂತ ಮೇಲಿತ್ತು. ನೀರು ಕಡಿಮೆಯಾದಾಗ ಹಂಚುವುದನ್ನು ಸಾವಿರ ವರ್ಷದಿಂದ ಬಲ್ಲ ನಾಡು, ನೀರು ಹೆಚ್ಚಾದಾಗ ಜನರನ್ನು ಕೂಗಿ ಎಬ್ಬಿಸಲು ತಡಮಾಡಿತು. ಹಂಚುವುದು ಕಟಕಟೆಯ ಕೆಲಸ. ಕೂಗಿ ಎಬ್ಬಿಸುವುದು ಕಚೇರಿಯ ಕೆಲಸವಾಗಿತ್ತು.

ಅದಕ್ಕೂ ಎರಡು ವರ್ಷ ಮುಂಚೆ ನಾನು ಕಂಡ ಮೊಯ್ನಾಕ್ ಇದಕ್ಕೆ ತೀರ ಬೇರೆ. ಉಜ್ಬೇಕಿಸ್ತಾನದ ಕರಕಲ್ಪಾಕಿಸ್ತಾನದಲ್ಲಿ, ನುಕುಸ್ ಪಟ್ಟಣದಿಂದ ಸುಮಾರು 200 ಕಿಲೋಮೀಟರು. ದಾರಿಯುದ್ದಕ್ಕೂ ಹತ್ತಿಯ ಹೊಲ, ಹೊಲದ ಮಧ್ಯೆ ಬೆಳ್ಳಗೆ ಉಪ್ಪು ಬಿಳಿಚಿದ ನೆಲ. ಊರಿನ ಅಂಚಿನ ದಿಬ್ಬದ ಮೇಲೆ ನಿಂತರೆ ಕೆಳಗೆ ಮರಳಿನಲ್ಲಿ ಹಡಗುಗಳು. ಹತ್ತು ಹನ್ನೆರಡು, ತುಕ್ಕು ಹಿಡಿದು ಕೆಂಪಾದವು, ಸಮುದ್ರ ಇನ್ನೇನು ಬಂದೀತು ಎಂಬಂತೆ ಮೂತಿ ಎತ್ತಿ ನಿಂತಿವೆ. ಕೆಳಗಿಳಿದು ನಡೆದರೆ ಕಾಲಡಿಯಲ್ಲಿ ಚಿಪ್ಪುಗಳು ಪುಡಿಯಾಗುವ ಸದ್ದು. ನಾನು ನಿಂತಿದ್ದದ್ದು ಅರಲ್ ಸಮುದ್ರದ ತಳದಲ್ಲಿ. ನೀರು ನೋಡಬೇಕೆಂದರೆ ಅಲ್ಲಿಂದ ಇನ್ನೂ ನೂರು ಕಿಲೋಮೀಟರಿಗಿಂತ ದೂರ.

ಒಂದು ಕಾಲದಲ್ಲಿ ಇದು ಲೋಕದ ನಾಲ್ಕನೆಯ ದೊಡ್ಡ ಸರೋವರ, ಸುಮಾರು 68,000 ಚದರ ಕಿಲೋಮೀಟರು. ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಅದನ್ನು ತುಂಬುತ್ತಿದ್ದ ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು 1960ರ ದಶಕದಿಂದ ಹತ್ತಿಗೆಂದು ತಿರುಗಿಸಿದರು. ಮರಳುಗಾಡಿನಲ್ಲಿ ಅಗೆದ ಕರಾಕುಂ ಕಾಲುವೆಯೊಂದೇ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದ. ಬಹುಭಾಗಕ್ಕೆ ಗಾರೆಯೇ ಇಲ್ಲದೆ ನೀರು ಮಣ್ಣಿಗೆ ಇಂಗಿಹೋಯಿತು. ಯೋಜನೆ ಹಾಕಿದ್ದು ಮಾಸ್ಕೋದಲ್ಲಿ. ಸಮುದ್ರ ಕುಗ್ಗುತ್ತದೆಂಬುದು ಅಲ್ಲಿನವರಿಗೆ ಗೊತ್ತಿತ್ತು. ಮೀನು ಸತ್ತ ಮೇಲೂ ಮೊಯ್ನಾಕ್‌ನ ಡಬ್ಬಿ ಮೀನಿನ ಕಾರ್ಖಾನೆ ಕೆಲವು ಕಾಲ ದೂರದ ಕಡಲುಗಳಿಂದ ತಂದ ಮೀನಿನಿಂದ ನಡೆಯಿತು.

ನಮ್ಮ ಕಾರಿನ ಚಾಲಕನ ಅಜ್ಜ ಈ ದಂಡೆಯ ಮೀನುಗಾರ. ಸಮುದ್ರ ಒಂದು ದಿನದಲ್ಲಿ ಹೋಗಲಿಲ್ಲ, ಎಂದ. ಬೇಸಿಗೆ ಬೇಸಿಗೆಗೆ ಸ್ವಲ್ಪ ಸರಿಯಿತು. ಅಜ್ಜ ಬಲೆ ಹೊತ್ತು ಪ್ರತಿ ವರ್ಷ ಇನ್ನಷ್ಟು ನಡೆದ. ಆಮೇಲೆ ನಡೆಯುವುದು ಬಿಟ್ಟ. ಗಾಳಿ ಎದ್ದ ದಿನ ಉಪ್ಪಿನ ದೂಳು ಊರೊಳಗೆ ಬರುತ್ತದೆ, ಮಕ್ಕಳ ಕೆಮ್ಮು ನಿಲ್ಲುವುದಿಲ್ಲ, ಎಂದೂ ಹೇಳಿದ. 2022ರ ಜುಲೈ ಬಗ್ಗೆ ಕೇಳಿದಾಗ ಮಾತ್ರ ಅವನು ಗೇರು ಬದಲಿಸಿ ರಸ್ತೆ ನೋಡಿದ. ಕರಕಲ್ಪಾಕಿಸ್ತಾನದ ಸ್ವಾಯತ್ತತೆಯನ್ನು ತೆಗೆಯಲು ಸಂವಿಧಾನ ತಿದ್ದಲು ಹೊರಟಾಗ ನುಕುಸ್‌ನ ಜನ ಬೀದಿಗಿಳಿದಿದ್ದರು. 21 ಮಂದಿ ಸತ್ತರೆಂದು ಸರ್ಕಾರವೇ ಹೇಳಿತು, ತಿದ್ದುಪಡಿಯನ್ನೂ ಹಿಂದಕ್ಕೆ ತೆಗೆದುಕೊಂಡಿತು. ಅವನ ಆ ಮೌನವನ್ನು ನಾನು ಕೆದಕಲಿಲ್ಲ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಮಧ್ಯ ಏಷ್ಯಾದ ಈ ಭಾಗ ಐದು ದೇಶಗಳಾಯಿತು. ಐದೂ ದೇಶಗಳು ಮರುವರ್ಷವೇ ಕೂತು, ಸೋವಿಯತ್ ಕಾಲದ ನೀರಿನ ಪಾಲುಗಳೇ ಸದ್ಯಕ್ಕಿರಲಿ ಎಂದು ಒಪ್ಪಿಕೊಂಡವು. ಪಾಲು ಉಳಿಯಿತು, ಕೊಡು-ಕೊಳ್ಳುವ ನಂಟು ಉಳಿಯಲಿಲ್ಲ. ಮೇಲಿರುವ ಕಿರ್ಗಿಸ್ತಾನಕ್ಕೆ ಚಳಿಗಾಲದ ವಿದ್ಯುತ್ತಿಗೆ ತೊಕ್ತೊಗುಲ್ ಅಣೆಕಟ್ಟೆಯ ನೀರು ಬೇಕು. ಕೆಳಗಿನವರ ಹತ್ತಿಗೆ ಅದೇ ನೀರು ಬೇಸಿಗೆಯಲ್ಲಿ ಬೇಕು. ಮುಂಚೆ ಬೇಸಿಗೆ ನೀರಿಗೆ ಬದಲಾಗಿ ಚಳಿಗಾಲಕ್ಕೆ ಕಲ್ಲಿದ್ದಲು, ಅನಿಲ ಕಳಿಸುತ್ತಿದ್ದರು. ಈಗ ಅಫ್ಘಾನಿಸ್ತಾನವೂ ಅಮು ದರ್ಯಾದಿಂದ 285 ಕಿಲೋಮೀಟರಿನ ಕೊಶ್ ತೆಪಾ ಕಾಲುವೆ ಅಗೆಯುತ್ತಿದೆ. ಆ ಹಳೆಯ ಒಪ್ಪಂದದಲ್ಲಿ ಅದಕ್ಕೆ ಕುರ್ಚಿಯೇ ಇರಲಿಲ್ಲ. ಉತ್ತರದ ಕಜಕಸ್ತಾನದವರು 2005ರಲ್ಲಿ ಕೊಕ್-ಅರಲ್ ಒಡ್ಡು ಕಟ್ಟಿ ತಮ್ಮ ಕಡೆಯ ಚಿಕ್ಕ ಅರಲನ್ನು ಬದುಕಿಸಿಕೊಂಡಿದ್ದಾರೆ. ಅಲ್ಲಿ ಮೀನು ಮರಳಿದೆ. ಮೊಯ್ನಾಕ್ ಕಡೆ ಬತ್ತಿದ ತಳದಲ್ಲಿ ದೂಳು ತಡೆಯಲು ಸಕ್ಸಾವುಲ್ ಗಿಡ ನೆಡುತ್ತಿದ್ದಾರೆ. ಹಡಗಿನ ನೆರಳಿನಲ್ಲಿ ಕೂತು ನೋಡಿದಾಗ ಆ ಗಿಡಗಳು ದೂರದಲ್ಲಿ ಚುಕ್ಕಿ ಇಟ್ಟಂತೆ ಕಾಣುತ್ತಿದ್ದವು.

ಕೊನೆಗೆ ಬೊಲಿವಿಯಾ. ಕೊಚಬಾಂಬಾ ಎಂಬ ಹೆಸರಿಗೆ ಕೆಚ್ವಾ ಭಾಷೆಯಲ್ಲಿ ಕೆರೆಯ ಬಯಲು ಎಂದು ಅರ್ಥ. ಎರಡೂವರೆ ಸಾವಿರ ಮೀಟರ್ ಎತ್ತರದ ಆ ಬಯಲಿನಲ್ಲಿ ಈಗ ಎಲ್ಲಿ ನೋಡಿದರೂ ಟ್ಯಾಂಕರು.

1999ರಲ್ಲಿ ಸರ್ಕಾರ ಊರಿನ ನೀರು ಸರಬರಾಜನ್ನು ಅಗ್ವಾಸ್ ದೆಲ್ ತುನಾರಿ ಎಂಬ ಖಾಸಗಿ ಕೂಟಕ್ಕೆ ಕೊಟ್ಟಿತು. ಅದರ ಹಿಂದೆ ಅಮೆರಿಕದ ಬೆಕ್ಟೆಲ್ ಕಂಪನಿ. ಕೆಲವರ ಬಿಲ್ಲು ಇಮ್ಮಡಿಯಾಯಿತು. ಬಡಾವಣೆಯ ಜನ ತಾವೇ ದುಡ್ಡು ಹಾಕಿ ಕೊರೆಸಿದ ಬಾವಿ, ರೈತರು ಸರದಿಯಲ್ಲಿ ಹಂಚಿಕೊಳ್ಳುತ್ತಿದ್ದ ತೊರೆ, ಎಲ್ಲ ಕಂಪನಿಯ ಪಾಲಾಗುತ್ತದೆಂದು ಹೆದರಿದರು. ಕಾರ್ಖಾನೆ ಕೆಲಸಗಾರ ಆಸ್ಕರ್ ಒಲಿವೆರಾ ಮತ್ತು ನೀರಾವರಿ ರೈತರು ಒಟ್ಟಾಗಿ ಮುಂದೆ ನಿಂತರು. 2000ದ ಏಪ್ರಿಲ್‌ನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಗುಂಡಿಗೆ ಬಲಿಯಾದ. ಎರಡೇ ದಿನದಲ್ಲಿ ಒಪ್ಪಂದ ರದ್ದಾಯಿತು. ಹತ್ತು ವರ್ಷದ ನಂತರ, 2010ರ ಜುಲೈ 28ರಂದು, ನೀರು ಮನುಷ್ಯನ ಹಕ್ಕು ಎಂಬ ನಿರ್ಣಯವನ್ನು ವಿಶ್ವಸಂಸ್ಥೆಯ ಮುಂದಿಟ್ಟದ್ದೂ ಇದೇ ಬೊಲಿವಿಯಾ. 122 ದೇಶಗಳು ಒಪ್ಪಿದವು, ಯಾರೂ ವಿರೋಧಿಸಲಿಲ್ಲ, 41 ದೇಶಗಳು ಮತ ಹಾಕದೆ ಉಳಿದವು.

ಇಷ್ಟು ಓದಿಕೊಂಡು ಹೋದವನು ಗೆದ್ದವರ ಊರು ನೋಡುತ್ತೇನೆಂದುಕೊಂಡಿದ್ದೆ. ದಕ್ಷಿಣದ ಗುಡ್ಡದ ಬಡಾವಣೆಗಳಲ್ಲಿ ಕಂಪನಿ ಬರುವ ಮುಂಚೆಯೂ ಕೊಳಾಯಿ ಇರಲಿಲ್ಲ, ಕಂಪನಿ ಹೋದ ಮೇಲೂ ಎಷ್ಟೋ ಮನೆಗೆ ಬರಲಿಲ್ಲ. ಮಿಸಿಕುನಿ ಎಂಬ ಬೆಟ್ಟದಾಚೆಯ ಅಣೆಕಟ್ಟೆಯ ನೀರು ಕಣಿವೆಗೆ ಬಂದದ್ದು 2017ರಲ್ಲಿ. ಕೊಳಾಯಿ ಇರುವ ಉತ್ತರದವರಿಗಿಂತ ಹಲವು ಪಟ್ಟು ಬೆಲೆ ಕೊಟ್ಟು ಗುಡ್ಡದವರು ಟ್ಯಾಂಕರ್ ನೀರು ಕುಡಿಯುತ್ತಾರೆ. ಬೀದಿಯ ಉದ್ದಕ್ಕೂ ಮನೆಬಾಗಿಲಿಗೊಂದು 200 ಲೀಟರಿನ ಡ್ರಮ್ಮು.

ಅಂಥದೊಂದು ಬಾಗಿಲಲ್ಲಿ ಟ್ಯಾಂಕರಿನ ಪೈಪು ಹಿಡಿದು ನಿಂತಿದ್ದ ಹೆಂಗಸು, ನನ್ನ ಜತೆಗಿದ್ದ ಕಾಲೇಜು ಹುಡುಗಿಯ ಮೂಲಕ, ಎಲ್ಲಿಯವರು ಎಂದು ಕೇಳಿದರು. ಈಗ ಬೆಂಗಳೂರಿನಲ್ಲಿದ್ದೇನೆ, ಭಾರತ ಎಂದೆ. ಅಲ್ಲಿ ಮನೆಗೆ ನೀರು ಬರುತ್ತದೆಯೇ? ವಾರಕ್ಕೆರಡು ದಿನ ನಲ್ಲಿಯಲ್ಲಿ, ಉಳಿದದ್ದು ಹೀಗೆಯೇ ಟ್ಯಾಂಕರಿನಲ್ಲಿ, ಎಂದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ನಮ್ಮ ಅಪಾರ್ಟ್‌ಮೆಂಟಿನವರು ಬಕೆಟ್ ಹಿಡಿದು ಸಾಲು ನಿಂತದ್ದನ್ನೂ ಹೇಳಿದೆ.

ನಲ್ಲಿಯ ನೀರು ಎಲ್ಲಿಂದ?

ಸುಮಾರು ನೂರು ಕಿಲೋಮೀಟರು ದೂರದ ನದಿಯಿಂದ, ಮೇಲಕ್ಕೆ ಪಂಪ್ ಮಾಡಿ ತರುತ್ತಾರೆ.

ಆ ನದಿಯ ದಂಡೆಯಲ್ಲಿ ಯಾರಿದ್ದಾರೆ?

ಹುಡುಗಿ ಈ ಪ್ರಶ್ನೆಯನ್ನು ಎರಡು ಸಲ ಹೇಳಬೇಕಾಯಿತು. ನಮ್ಮಪ್ಪ ಇದ್ದರು, ಎಂದೆ. ಆ ಬಯಲಿನಲ್ಲೇ ನಮ್ಮ ಗದ್ದೆ, ನಾಲೆಯ ಕೊನೆಯಲ್ಲಿ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಡ್ರಮ್ಮು ತುಂಬಿತ್ತು. ಪೈಪು ಪಕ್ಕದ ಮನೆಯವರ ಕೈಗೆ ದಾಟಿಸಿ, ಮುಚ್ಚಳ ಹಾಕಿ, ಮೇಲೊಂದು ಕಲ್ಲು ಇಟ್ಟರು.