ವಾಹನ ಬಿಟ್ಟ ಹುಡುಗ

ರಾಜಸ್ಥಾನದ ಮದನಗಂಜ್-ಕಿಶನ್‌ಗಢ, 1967. ನೀವು ಬಸದಿಯ ಕಂಬಕ್ಕೆ ಒರಗಿ ಕೂತಿದ್ದೀರಿ. ಬೆವರಿಗೆ ಅಂಗಿ ಬೆನ್ನಿಗಂಟಿದೆ, ಗಂಟಲಲ್ಲಿ ಧೂಳು. ಎದುರಿನ ಮರದ ಹಲಗೆಯ ಮೇಲೆ ವಯಸ್ಸಾದ ದಿಗಂಬರ ಮುನಿ. ಪಕ್ಕದಲ್ಲಿ ನವಿಲುಗರಿಯ ಪಿಂಛಿ, ಕಮಂಡಲ. ಅವರ ಮುಂದೆ ಕೈಮುಗಿದು ಕೂತವನು ಇಪ್ಪತ್ತರ ಹುಡುಗ. ಬಿಳಿ ಪಂಚೆ, ಬಿಳಿ ಉತ್ತರೀಯ, ನಿದ್ದೆಗೆಟ್ಟ ಕಣ್ಣು.

ಸುತ್ತ ಕೂತವರು ಏನೋ ಮಾತಾಡಿಕೊಳ್ಳುತ್ತಿದ್ದಾರೆ. ಮಾರವಾಡಿ ಬೆರೆತ ಹಿಂದಿ. ನಾಲ್ಕು ಮಾತಿನಲ್ಲಿ ಒಂದು ತಿಳಿದರೆ ಹೆಚ್ಚು. ಹುಡುಗನಿಗೂ ಅಷ್ಟೇ. ಅವನು ಕಲಿತದ್ದೆಲ್ಲ ಕನ್ನಡ ಶಾಲೆಯಲ್ಲಿ, ಬೇಡಕಿಹಾಳದಲ್ಲಿ ಒಂಬತ್ತನೆಯ ಇಯತ್ತೆಯವರೆಗೆ. ನಮ್ಮ ಬೋರಗಾಂವದ ನೆರೆಯ ಸದಲಗಾದವನು. ಮಲ್ಲಪ್ಪ ಅಷ್ಟಗೆ, ಶ್ರೀಮಂತಿ ದಂಪತಿಗಳ ಮಗ, ಹೆಸರು ವಿದ್ಯಾಧರ. ದೂಧಗಂಗೆಯಲ್ಲಿ ಈಜಿ ಬೆಳೆದ ಮೈ ಈಗ ಈ ಒಣ ಸೆಕೆಯಲ್ಲಿ ಕೂತಿದೆ.

ಇವನು ಇಲ್ಲಿಗೆ ಬರಲೇಬೇಕೆಂದಿರಲಿಲ್ಲ. ಹಿಂದಿನ ವರ್ಷವೇ ಮನೆ ಬಿಟ್ಟು ಜಯಪುರಕ್ಕೆ ಹೋಗಿ ಆಚಾರ್ಯ ದೇಶಭೂಷಣರಿಂದ ಬ್ರಹ್ಮಚರ್ಯ ವ್ರತ ಪಡೆದಿದ್ದಾನೆ. ದೇಶಭೂಷಣರು ನಮ್ಮ ಚಿಕ್ಕೋಡಿ ಸೀಮೆಯ ಕೋಥಳಿಯವರು. ಆ ಸಂಘದಲ್ಲಿದ್ದಿದ್ದರೆ ಹಸಿವು, ನೋವು ಎಲ್ಲವನ್ನೂ ಕನ್ನಡದಲ್ಲೇ ಹೇಳಿಕೊಳ್ಳಬಹುದಿತ್ತು. ಇದೇ ವರ್ಷ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ನೋಡಿಕೊಂಡು ಊರ ಕಡೆ ತಿರುಗಿದ್ದರೂ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವನು ಉತ್ತರದ ರೈಲು ಹತ್ತಿದ. ಶಾಸ್ತ್ರ ಕಲಿಯಬೇಕು, ಸಂಸ್ಕೃತ ಕಲಿಯಬೇಕು. ಅದಕ್ಕೆ ತಕ್ಕ ಗುರು ಇಲ್ಲಿದ್ದಾರೆ.

ಆ ಗುರುವೇ ಹಲಗೆಯ ಮೇಲೆ ಕೂತ ಮುನಿ ಜ್ಞಾನಸಾಗರರು. ಸೀಕರ್ ಜಿಲ್ಲೆಯ ರಾಣೋಲಿಯವರು, ಬನಾರಸದಲ್ಲಿ ಓದಿದವರು, ‘ಜಯೋದಯ’, ‘ವೀರೋದಯ’ ಎಂಬ ಸಂಸ್ಕೃತ ಮಹಾಕಾವ್ಯಗಳನ್ನು ಬರೆದವರು. ಅವರಿಗೆ ದೀಕ್ಷೆ ಕೊಟ್ಟವರು ಶಿವಸಾಗರರು, ಶಿವಸಾಗರರ ಗುರು ವೀರಸಾಗರರು. ವೀರಸಾಗರರ ಗುರು ಯಾರು? ಭೋಜದ ಶಾಂತಿಸಾಗರರು. ದೂಧಗಂಗೆ, ವೇದಗಂಗೆ ಕೂಡುವ ನಮ್ಮ ಭೋಜವೇ. ಸದಲಗಾದಿಂದ ಸೈಕಲ್ ತುಳಿದರೆ ಒಂದು ಬೆಳಗಿನಲ್ಲಿ ಮುಟ್ಟುವ ಊರು! ಮನೆಯ ಹತ್ತಿರವೇ ಹುಟ್ಟಿದ ಪರಂಪರೆಯನ್ನು ಹುಡುಕಿಕೊಂಡು ಹುಡುಗ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬಂದಿದ್ದಾನೆ.

ಮುನಿಗಳು ಹೆಸರು ಕೇಳುತ್ತಾರೆ. ವಿದ್ಯಾಧರ. ಪುರಾಣದ ವಿದ್ಯಾಧರರು ಆಕಾಶದಲ್ಲಿ ಹಾರುವವರು. ಇವನೂ ವಿದ್ಯೆ ಕಲಿತು ಹಾರಿಹೋದರೆ? ಮುನಿಗಳು ಹೀಗೆ ಶಂಕಿಸಿದರೆಂದು ಸಂಘದವರು ಇವತ್ತಿಗೂ ಹೇಳುತ್ತಾರೆ. ಶಂಕೆಯಲ್ಲಿ ತಪ್ಪೇನಿದೆ? ದೂರದ ಹುಡುಗ. ಭಾಷೆ ಬಾರದು. ವಯಸ್ಸು ಚಿಕ್ಕದು.

ನಿಮ್ಮ ಉಸಿರು ಬಿಗಿಯಾಗುತ್ತದೆ. ಹುಡುಗ ತಲೆ ತಗ್ಗಿಸಿದ್ದಾನೆ. ಆಮೇಲೆ ಎತ್ತುತ್ತಾನೆ. ಇಂದಿನಿಂದ ಯಾವ ವಾಹನವನ್ನೂ ಹತ್ತುವುದಿಲ್ಲ, ಜೀವ ಇರುವ ತನಕ. ಅಷ್ಟೇ ಅವನ ಉತ್ತರ.

ಇದರ ಭಾರ ನೋಡಿ. ಬ್ರಹ್ಮಚಾರಿಗೆ ಈ ನಿಯಮ ಕಡ್ಡಾಯವಲ್ಲ. ಬಸ್ಸು ಹತ್ತಬಹುದು, ರೈಲು ಹತ್ತಬಹುದು, ಮನಸ್ಸು ಮುರಿದರೆ ನಾಳೆಯೇ ಹೊರಟು ಊರ ಹತ್ತಿರದ ಮಿರಜ್ ನಿಲ್ದಾಣದಲ್ಲಿ ಇಳಿಯಬಹುದು. ಆ ಬಾಗಿಲನ್ನು ಅವನು ತನ್ನ ಕೈಯಾರೆ ಹಾಕಿಕೊಂಡ. ಅವ್ವನಿಗೆ ಮೈ ಸರಿಯಿಲ್ಲ ಎಂದು ನಾಳೆ ಕಾಗದ ಬಂದರೂ ನಡೆದೇ ಹೋಗಬೇಕು. ನಡೆದು ಮುಟ್ಟುವ ಹೊತ್ತಿಗೆ ಕಾಗದದ ಸುದ್ದಿ ಹಳೆಯದಾಗಿರುತ್ತದೆ. ದೀಕ್ಷೆಗಿಂತಲೂ ದೊಡ್ಡ ನಿರ್ಧಾರ ಇದೇ ಎಂಬುದು ನನ್ನ ಎಣಿಕೆ.

ಕಲಿಕೆ ಶುರುವಾಗುತ್ತದೆ. ಹಿಂದಿ ಅಕ್ಷರ, ಸಂಸ್ಕೃತ ವ್ಯಾಕರಣ, ಶಾಸ್ತ್ರ. ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೆ ಕನ್ನಡದಲ್ಲಿ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ರಾತ್ರಿ ಸುತ್ತ ಎಲ್ಲ ಪರಭಾಷೆ. ಜೋಳದ ರೊಟ್ಟಿಯ ನೆನಪಾದರೆ ಅದನ್ನು ಯಾರ ಹತ್ತಿರ ಹೇಳುವುದು?

ಈಗ ಅಜ್ಮೇರ್. 1968ರ ಜೂನ್ 30, ಆಷಾಢ ಶುದ್ಧ ಪಂಚಮಿ. ನೀವು ಗುಂಪಿನಲ್ಲಿ ಸಿಕ್ಕಿಕೊಂಡಿದ್ದೀರಿ. ಹೂವು, ಬೆವರು, ಧೂಪ, ಎಲ್ಲ ಕಲೆತ ವಾಸನೆ. ಇಪ್ಪತ್ತೊಂದರ ಹುಡುಗನಿಗೆ ನೇರ ಮುನಿದೀಕ್ಷೆಯೇ, ಮೊದಲು ಕೆಳಗಿನ ಹಂತದ ಕ್ಷುಲ್ಲಕನಾಗುವುದು ಬೇಡವೇ ಎಂದು ಹಿರಿಯರು ಗೊಣಗುತ್ತಿದ್ದಾರೆ. ಗುರುಗಳು ಮನಸ್ಸು ಬದಲಿಸಿಲ್ಲ. ಹುಡುಗನ ಅಪ್ಪ, ಅವ್ವ ಈ ಗುಂಪಿನಲ್ಲಿಲ್ಲ.

ಕೇಶಲೋಚ. ಕತ್ತರಿ ಇಲ್ಲ, ಕ್ಷೌರದ ಕತ್ತಿ ಇಲ್ಲ. ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಾನೆ. ಕಪ್ಪಗಿನ ದಟ್ಟ ಕೂದಲು. ಒಂದು ಹಿಡಿ ಹಿಡಿಯುತ್ತಾನೆ. ಎಳೆಯುತ್ತಾನೆ. ಹಸಿ ಹೊಲದಲ್ಲಿ ಶೇಂಗಾ ಬಳ್ಳಿ ಕಿತ್ತಂಥ ಸದ್ದು. ನಿಮ್ಮ ಕೈ ನಿಮಗರಿವಿಲ್ಲದೆ ನಿಮ್ಮ ನೆತ್ತಿಗೆ ಹೋಗುತ್ತದೆ. ಮತ್ತೊಂದು ಹಿಡಿ. ಮತ್ತೊಂದು. ಕಿವಿಯ ಹಿಂದೆ ಚರ್ಮ ಕೆಂಪೇರುತ್ತದೆ, ಸೂಜಿಮೊನೆಯಷ್ಟು ರಕ್ತ ಒಸರುತ್ತದೆ. ಇನ್ನು ಗಡ್ಡ. ಇನ್ನು ಮೀಸೆ. ತುಟಿಯ ಮೇಲಿನ ಕೂದಲು ಕಿತ್ತಾಗ ಕಣ್ಣಲ್ಲಿ ನೀರು ತಾನಾಗಿ ಬರುತ್ತದೆ, ಯಾರಿಗಾದರೂ. ಮುಖದಲ್ಲಿ ನೋವು ಕಂಡರೆ ವೈರಾಗ್ಯ ಸಾಲದು ಎನ್ನುವ ಕಣ್ಣುಗಳು ಸುತ್ತ ಕಾದಿವೆ.

ಎದ್ದು ನಿಲ್ಲುತ್ತಾನೆ. ಉತ್ತರೀಯ ಬಿಡುತ್ತಾನೆ. ಪಂಚೆ ಬಿಡುತ್ತಾನೆ. ಜಯಕಾರ ಏಳುತ್ತದೆ. ಅದೇ ಕ್ಷಣ ಮಳೆ ಸುರಿಯಿತೆಂದು ಭಕ್ತರು ಹೇಳುತ್ತಾರೆ. ಜೂನ್ ಕೊನೆ, ಮಳೆ ಬರುವ ಕಾಲವೇ; ಆದರೂ ಉರಿಯುವ ನೆತ್ತಿಯ ಮೇಲೆ ಬಿದ್ದ ಆ ಹನಿಯ ತಂಪನ್ನು ನಾನೇಕೆ ಅಲ್ಲಗಳೆಯಲಿ? ಕೈಗೆ ಪಿಂಛಿ ಬರುತ್ತದೆ, ಕಮಂಡಲ ಬರುತ್ತದೆ. ಹೊಸ ಹೆಸರು ಬರುತ್ತದೆ: ಮುನಿ ವಿದ್ಯಾಸಾಗರ.

ಇನ್ನು 28 ಮೂಲಗುಣಗಳ ಬದುಕು. ಸ್ನಾನವಿಲ್ಲ, ಹಲ್ಲುಜ್ಜುವುದಿಲ್ಲ, ಹಾಸಿಗೆಯಿಲ್ಲ. ದಿನಕ್ಕೆ ಒಂದೇ ಹೊತ್ತು ಊಟ, ನೀರೂ ಆಗಲೇ. ಶ್ರಾವಕರು ಬಾಗಿಲಲ್ಲಿ ನಿಂತು ಕರೆಯಬೇಕು, ಮುನಿ ನಿಂತೇ ಬೊಗಸೆಯಲ್ಲಿ ಉಣ್ಣಬೇಕು. ಬೊಗಸೆಯ ಅನ್ನದಲ್ಲಿ ಒಂದು ಕೂದಲೆಳೆ ಕಂಡಿತೋ, ಅಂತರಾಯ. ಕೈ ಬಿಡಬೇಕು, ಬಾಯಿ ಒಣಗಿದ್ದರೂ. ನಾಳೆಯ ತನಕ ಒಂದು ಗುಟುಕು ನೀರಿಲ್ಲ, ರಾಜಸ್ಥಾನದ ಬಿಸಿಲಿನಲ್ಲಿ. ಬಡಿಸುತ್ತಿದ್ದ ಹೆಂಗಸು ಅಳುತ್ತಾಳೆ. ಮುನಿ ಅಳುವಂತಿಲ್ಲ.

ನಾಲ್ಕು ವರ್ಷ ಹೀಗೆ ಕಳೆದ ಮೇಲೆ, 1972ರ ನವೆಂಬರ್ 22ರಂದು, ನಸೀರಾಬಾದಿನಲ್ಲಿ ವೃದ್ಧ ಗುರು ತಮ್ಮ ಆಚಾರ್ಯ ಪದವನ್ನು ಈ ಶಿಷ್ಯನಿಗೆ ಬಿಟ್ಟುಕೊಟ್ಟರು. ತಮ್ಮ ಸಲ್ಲೇಖನವನ್ನು, ಆಹಾರ ಬಿಡುತ್ತಾ ದೇಹ ಬಿಡುವ ವ್ರತವನ್ನು, ನಡೆಸಿಕೊಡಬೇಕೆಂದು ಶಿಷ್ಯನನ್ನೇ ಕೇಳಿಕೊಂಡರು. ಹಾರಿಹೋಗಬಹುದೆಂದು ಶಂಕಿಸಿದ್ದ ಗುರುವಿನ ಕೊನೆಯುಸಿರಿನ ಹೊತ್ತಿಗೆ, 1973ರ ಜೂನ್ 1ರಂದು, ಶಿಷ್ಯ ಹತ್ತಿರವೇ ಇದ್ದ.

ಹಿಂದಿಗೆ ತಡವರಿಸಿದ ಹುಡುಗ ಮುಂದೆ ‘ಮೂಕಮಾಟಿ’ ಎಂಬ ಹಿಂದಿ ಮಹಾಕಾವ್ಯ ಬರೆದ. ಸದಲಗಾದ ಮನೆಯಿಂದ ಅಪ್ಪ, ಅವ್ವ, ತಮ್ಮಂದಿರೂ ದೀಕ್ಷೆ ಪಡೆದರು. ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರುವರಿ 18ರಂದು ಛತ್ತೀಸಗಢದ ಡೊಂಗರಗಢದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಅವರ ನಂತರ ಆಚಾರ್ಯ ಪದ ಬಂದದ್ದು ಅದೇ ಮನೆಯ ತಮ್ಮ, ಸಮಯಸಾಗರರಿಗೆ.